ಬೆಲ್ಲಿಲ್ಲದ ಸೈಕಲ್ಲು ಮತ್ತು ನಮ್ಮ ಗಾಯಾ ಅತ್ತೆ

ಮಲಯ ಸೀಮೆಯ ಜೊಹೋರ್ ರಾಜ್ಯದ ಮುವಾರ್ ಪಟ್ಟಣದಲ್ಲಿ ಬೆಳಗಿನ ತಿಂಡಿಗೆ ಸಾತೆ ತಿನ್ನುವವರಿಗೆಲ್ಲ ನಮ್ಮ ಗಾಯಾ ಅತ್ತೆ ಗೊತ್ತು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಉದ್ದನೆಯ ಕೆಂಡದ ಒಲೆಯ ಮೇಲೆ ಕಡ್ಡಿಗೆ ಚುಚ್ಚಿದ ಮಾಂಸವನ್ನು ಸಾಲಾಗಿ ಹರಡಿ, ಗರಿಯ ಬೀಸಣಿಗೆಯಿಂದ ಗಾಳಿ ಹಾಕುತ್ತ ನಿಂತಿರುವವಳು ಅವಳೇ. ಪೂರ್ತಿ ಹೆಸರು ರೊಗಾಯಾ. ನನ್ನ ಅಪ್ಪ ಹಮ್ದಾನನ ಒಬ್ಬಳೇ ತಂಗಿ. ಈಗ ವಯಸ್ಸು ಎಂಬತ್ತರ ಹತ್ತಿರ. ಮಂಡಿ ನೋಯುತ್ತದೆ, ಆದರೂ ಬೀಸಣಿಗೆಯನ್ನು ಮಗನ ಕೈಗೆ ಕೊಡುವುದಿಲ್ಲ. "ಅವನು ಬೀಸಿದ್ರೆ ಕೆಂಡಕ್ಕೆ ನಿದ್ದೆ ಬರುತ್ತೆ" ಎನ್ನುತ್ತಾಳೆ.

ಅವಳ ಕಥೆ ಬರೆಯುತ್ತೇನೆ ಎಂದು ನಾನು ಹೇಳಿದಾಗ ಜೋರಾಗಿ ನಕ್ಕಳು. "ನನ್ನ ಬಗ್ಗೆ ಬರಿಯೋದಕ್ಕೆ ಏನಿದೆಯೇ? ಸಾತೆ ಬಗ್ಗೆ ಬರಿ. ನಾಲ್ಕು ಜನ ತಿನ್ನೋಕಾದ್ರೂ ಬರ್ತಾರೆ."

ಸಾತೆಯ ಬಗ್ಗೆ ಬೇರೆಯವರು ಬರೆಯಲಿ. ನಾನು ಬರೆಯಬೇಕಾದದ್ದು ಒಂದು ಹಾಡಿನ ಬಗ್ಗೆ, ಆ ಹಾಡಿನೊಳಗೆ ಇಷ್ಟು ವರ್ಷ ಕೂತಿದ್ದರೂ ಯಾರ ಕಣ್ಣಿಗೂ ಬೀಳದೆ ಹೋದ ನಮ್ಮ ಅತ್ತೆಯ ಬಗ್ಗೆ. ‘ಬಾಸಿಕಾಲ್ ತಾ ಬೆರ್ಲೋಚೆಂಗ್’, ಅಂದರೆ ‘ಬೆಲ್ಲಿಲ್ಲದ ಸೈಕಲ್ಲು’. ಅರವತ್ತಾರನೇ ಇಸವಿಯ ರೆಕಾರ್ಡು. ಇವತ್ತಿಗೂ ಮದುವೆ ಚಪ್ಪರದಲ್ಲಿ, ಫುಟ್‌ಬಾಲ್ ಮೈದಾನದಲ್ಲಿ, ಐಸ್‌ಕ್ರೀಮ್ ಗಾಡಿಯ ಮೈಕಿನಲ್ಲಿ ಅದು ಕೇಳಿಸದ ವಾರವಿಲ್ಲ. ಹಾಡು ಶುರುವಾಗುವುದೇ ಡ್ರಮ್ಮಿನಿಂದ. ಗಿಟಾರ್ ಬರುವ ಮೊದಲೇ ಆ ಪೆಟ್ಟುಗಳು ಒಂದನ್ನೊಂದು ಅಟ್ಟಿಸಿಕೊಂಡು ಬರುತ್ತವೆ. ಅಷ್ಟು ಕೇಳಿದರೆ ಸಾಕು, ಎಂಥ ಮುದುಕರ ಹೆಗಲೂ ಕುಣಿಯುತ್ತದೆ.

ಆ ಪೆಟ್ಟಿನ ಮೂಲ ನಮ್ಮ ಅಜ್ಜನ ಜಗುಲಿ.

ಅಜ್ಜ ಕೊಂಪಾಂಗ್ ಕಟ್ಟುವವನು. ಮರದ ಬಳೆಗೆ ಆಡಿನ ಚರ್ಮ ಬಿಗಿದು, ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಬಾರಿಸುವ ಆ ವಾದ್ಯವಿಲ್ಲದೆ ನಮ್ಮಲ್ಲಿ ಮದುಮಗ ಹೆಣ್ಣಿನ ಮನೆಯ ಕಡೆಗೆ ಒಂದು ಹೆಜ್ಜೆ ಇಡುವುದಿಲ್ಲ. ಊರಿನ ಕೊಂಪಾಂಗ್ ಮೇಳಕ್ಕೂ ಅಜ್ಜನೇ ಯಜಮಾನ. ಮೇಳದಲ್ಲಿ ಗಂಡಸರು ಮೂರು ಗುಂಪಾಗಿ ನಿಲ್ಲುತ್ತಾರೆ. ಒಂದು ಗುಂಪು ನೇರವಾಗಿ ಬಾರಿಸುತ್ತದೆ. ಇನ್ನೊಂದು ಆ ಪೆಟ್ಟುಗಳ ನಡುವಿನ ಸಂದಿಯಲ್ಲಿ ನುಗ್ಗುತ್ತದೆ. ಮೂರನೆಯದು ಎರಡನ್ನೂ ಅಡ್ಡ ಹಾಯ್ದು ಓಡುತ್ತದೆ. ಮೂರೂ ಸೇರಿದರೆ ಯಾರು ಯಾವುದನ್ನು ಬಾರಿಸಿದರೆಂದು ಹೇಳಲಾಗುವುದಿಲ್ಲ, ಕೇಳುವವರ ಕಾಲು ಮಾತ್ರ ಸುಮ್ಮನಿರುವುದಿಲ್ಲ.

ಆ ಕಾಲದಲ್ಲಿ ಹೆಣ್ಣುಮಕ್ಕಳು ಮೇಳಕ್ಕೆ ಹೋಗುತ್ತಿರಲಿಲ್ಲ. ಆದರೆ ಚರ್ಮ ನೆನೆಸುವುದು, ಒಣಗಿಸುವುದು, ಸಡಿಲಾದ ಕೊಂಪಾಂಗಿನ ಒಳಗೆ ಬೆತ್ತದ ಸೀಳು ತುರುಕಿ ಬಿಗಿ ಮಾಡುವುದು ಎಲ್ಲ ಗಾಯಾ ಅತ್ತೆಯ ಪಾಲಿಗೆ ಬಂದ ಕೆಲಸ. ಬಿಗಿಯಾಯಿತೋ ಇಲ್ಲವೋ ಬಾರಿಸಿ ನೋಡಬೇಕಲ್ಲ! ಹಾಗೆ ನೋಡುತ್ತ ನೋಡುತ್ತ ಅವಳು ಎರಡು ಕೊಂಪಾಂಗ್ ಮಡಿಲಲ್ಲಿಟ್ಟುಕೊಂಡು, ಮೂರನೇ ಸಾಲನ್ನು ಹಿಮ್ಮಡಿಯಿಂದ ಹಲಗೆಯ ನೆಲಕ್ಕೆ ಕುಟ್ಟುತ್ತ, ಒಬ್ಬಳೇ ಇಡೀ ಮೇಳವಾಗಿಬಿಟ್ಟಳು. ಅಜ್ಜನಿಗೆ ಇದು ಗೊತ್ತಿರಲಿಲ್ಲ. ಅಜ್ಜಿಗೆ ಗೊತ್ತಿತ್ತು. "ನಾನು ಅಕ್ಕಿ ಆರಿಸೋ ಹೊತ್ತಿಗೆ ಬಾರಿಸು, ನಂಗೂ ಬೇಜಾರು ಕಳೆಯುತ್ತೆ" ಎಂದು ಅವಳೇ ಹೇಳುತ್ತಿದ್ದಳಂತೆ.

ಅಷ್ಟರಲ್ಲಿ ಅಪ್ಪನಿಗೆ ಗಿಟಾರಿನ ಹುಚ್ಚು ಹತ್ತಿತು. ಆಗ ಮಲಯ ಸೀಮೆಯ ಹುಡುಗರಿಗೆಲ್ಲ ಅದೇ ಹುಚ್ಚು. ಹಣೆಯ ಮೇಲೆ ಇಳಿಬಿಟ್ಟ ಕೂದಲು, ಕಾಲಿಗೆ ಅಂಟಿದ ಪ್ಯಾಂಟು, ಚೂಪು ಮೂತಿಯ ಬೂಟು. ಅಪ್ಪ, ಅವನ ಇಬ್ಬರು ಗೆಳೆಯರು, ಡ್ರಮ್ಮಿಗೆ ಮಿಸ್ಬಾನ್, ಹೀಗೆ ನಾಲ್ವರು ಸೇರಿ ‘ಕೆಲಿಪ್ ಬಾಯ್ಸ್’ ಎಂಬ ತಂಡ ಕಟ್ಟಿದರು. ಕೆಲಿಪ್ ಎಂದರೆ ಮಿಂಚುಹುಳು. ಮಿಸ್ಬಾನ್ ನದಿಯ ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುತ್ತಿದ್ದ. ಎತ್ತರದ ಆಳು, ಮೆತ್ತಗಿನ ಮಾತು. ಅವನು ಸಿಂಗಪುರದಿಂದ ಒಂದು ಹಳೆಯ ಡ್ರಮ್ ಸೆಟ್ ತಂದಾಗ ಅವನ ತಾಯಿ ಬಾಗಿಲಲ್ಲೇ ತಡೆದಳು. "ಅದು ಒಳಗೆ ಬಂದ್ರೆ ನಾನು ಹೊರಗೆ" ಎಂದಳು. ಹಾಗಾಗಿ ಡ್ರಮ್ ಸೆಟ್ಟು ಎತ್ತರದ ಕಂಬಗಳ ಮೇಲೆ ನಿಂತ ನಮ್ಮ ಮನೆಯ ಕೆಳಗೆ, ಆ ಕಂಬಗಳ ನಡುವಿನ ನೆರಳಲ್ಲಿ, ಕೋಳಿಗಳ ಜೊತೆ ಬಿಡಾರ ಹೂಡಿತು.

ಹಾಡು ಬರೆದವನು ಅಪ್ಪ. ಅಪ್ಪನ ಸೈಕಲ್ಲಿಗೆ ನಿಜಕ್ಕೂ ಬೆಲ್ ಇರಲಿಲ್ಲ. ಮೇಷ್ಟರ ಮನೆಯ ಹುಡುಗಿಯನ್ನು, ಅಂದರೆ ನನ್ನ ಅಮ್ಮನನ್ನು, ಕಿಟಕಿಗೆ ಕರೆಯಲು ಅವನು ಶಿಳ್ಳೆ ಹಾಕಬೇಕಿತ್ತು. ಒಂದು ದಿನ ಶಿಳ್ಳೆಗೆ ಕಿಟಕಿ ತೆರೆದುಕೊಂಡಿತು, ಆದರೆ ಅಲ್ಲಿದ್ದದ್ದು ಹುಡುಗಿಯ ತಾಯಿ, ಕೈಯಲ್ಲಿ ಪಾತ್ರೆ ತೊಳೆದ ನೀರಿನ ಬಕೆಟ್ಟು. ಒದ್ದೆಯಾಗಿ ಮನೆಗೆ ಬಂದ ಅಪ್ಪ ಅಂಗಿ ಬದಲಿಸುವ ಮೊದಲೇ ಹಾಡು ಕಟ್ಟಿದನಂತೆ. ‘ಬೆಲ್ಲಿಲ್ಲದ ಸೈಕಲ್ಲು ನಂದು, ಶಿಳ್ಳೆ ಕೇಳಿದ್ರೆ ಕಿಟಕಿ ತೆಗಿ, ಬಕೆಟ್ ಮಾತ್ರ ಒಳಗೇ ಇಡಿ’ ಎಂಬಂಥ ಮಾತುಗಳು. ರಾಗ ಚೆನ್ನಾಗಿತ್ತು. ಡ್ರಮ್ ಮಾತ್ರ ಆಗಿನ ಎಲ್ಲ ಹಾಡುಗಳ ಡ್ರಮ್ಮಿನ ಹಾಗೆಯೇ ಇತ್ತು. ಮಿಸ್ಬಾನ್ ಗಡಿಯಾರದಂತೆ ಬಾರಿಸುತ್ತಿದ್ದ. ತಪ್ಪುತ್ತಿರಲಿಲ್ಲ, ಕುಣಿಸುತ್ತಲೂ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಊರಿನ ಗಂಡಸರೆಲ್ಲ ಮಸೀದಿಗೆ ಹೋದಾಗ ಗಾಯಾ ಅತ್ತೆ ಮನೆಯ ಕೆಳಗಿಳಿದು, ಕೋಳಿಗಳನ್ನು ಓಡಿಸಿ, ಆ ಡ್ರಮ್ಮುಗಳ ಮುಂದೆ ಕೂರುತ್ತಿದ್ದಳು. ಹಿಮ್ಮಡಿಯಿಂದ ನೆಲ ಕುಟ್ಟಿ ಅಭ್ಯಾಸವಿದ್ದವಳಿಗೆ ಕಾಲಲ್ಲಿ ತುಳಿದು ಬಾರಿಸುವ ದೊಡ್ಡ ಡ್ರಮ್ ಸಿಕ್ಕರೆ ಕೇಳಬೇಕೆ? ಅಣ್ಣನ ಹಾಡನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಅದಕ್ಕೆ ಮನೆಯ ಮೇಳದ ಮೂರು ಸಾಲನ್ನೂ ಹೊಂದಿಸಿ ಬಾರಿಸುತ್ತಿದ್ದಳು. ಅಜ್ಜಿ ಮೇಲಿನಿಂದ ಹಲಗೆಯ ಸಂದಿಯಲ್ಲಿ ಬಗ್ಗಿ ಕೂಗುವಳು: "ಗಾಯಾ, ಸಾಕು ಬಾರೇ, ನಮಾಜು ಮುಗೀತು ಕಾಣುತ್ತೆ, ಚಪ್ಪಲಿ ಸದ್ದು ಕೇಳ್ತಿದೆ!"

ಒಮ್ಮೆ ಬಾತು ಪಹಾತ್‌ನ ಒಂದು ಕಾರ್ಯಕ್ರಮದಲ್ಲಿ ಕೆಲಿಪ್ ಬಾಯ್ಸ್ ಹಾಡಿದ್ದನ್ನು ಸಿಂಗಪುರದ ರೆಕಾರ್ಡ್ ಕಂಪನಿಯ ಚುವಾ ಎಂಬವರು ಕೇಳಿ, ಬಂದು ರೆಕಾರ್ಡ್ ಮಾಡಿ ಎಂದರು. ಊರಿಗೆ ಊರೇ ಸಡಗರಪಟ್ಟಿತು. ಅಜ್ಜಿಗೆ ಸಿಂಗಪುರದ ಗೇಲಾಂಗ್‌ನಲ್ಲಿ ಒಬ್ಬ ಅಕ್ಕ ಇದ್ದಳು. ಹುಡುಗರ ಜೊತೆ ತಾನೂ ಹೋಗಿ ಅಕ್ಕನನ್ನು ನೋಡಿ ಬರುತ್ತೇನೆ, ಜೊತೆಗೆ ಗಾಯಾ ಇರಲಿ ಎಂದಳು. ಅಜ್ಜ ಒಪ್ಪಿದ. ಅವನಿಗೆ ಆ ವಾರ ಮದುವೆಗಳಿದ್ದವು.

ಹೊರಡುವ ಬೆಳಿಗ್ಗೆ, ಅಜ್ಜ ಮದುವೆಯೊಂದಕ್ಕೆ ಹೊರಟುಹೋದ ಮೇಲೆ, ಮಿಸ್ಬಾನ್ ಬಂದ. ಕುತ್ತಿಗೆಗೆ ಟವೆಲ್ ಸುತ್ತಿದ್ದ. ಟವೆಲ್ ತೆಗೆದಾಗ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಎರಡೂ ಕೆನ್ನೆ ಊದಿ ಕಿವಿಗೆ ಮುಟ್ಟಿದ್ದವು.

"ಏನೋ ಇದು, ಹಲಸಿನಹಣ್ಣು ನುಂಗಿದ್ಯಾ?" ಎಂದ ಅಪ್ಪ.

"ಮಂಗನಬಾವಂತೆ" ಎಂದ ಮಿಸ್ಬಾನ್. ಬಾಯಿ ಅರ್ಧವೇ ತೆರೆಯುತ್ತಿತ್ತು. "ಜ್ವರಾನೂ ಇದೆ. ಆದ್ರೂ ಬರ್ತೀನಿ."

"ಬಂದು ನಮಗೆಲ್ಲ ಹಂಚ್ತೀಯಾ? ಹಾಡೋ ನನ್ನ ಗಂಟಲು ಏನಾಗ್ಬೇಕು? ಮುಗೀತು. ಎಲ್ಲ ಮುಗೀತು." ಅಪ್ಪ ಗಿಟಾರ್ ಪೆಟ್ಟಿಗೆಯ ಮೇಲೆ ಕುಸಿದು ಕೂತ.

ಊಟದ ಬುತ್ತಿ ಕಟ್ಟುತ್ತಿದ್ದ ಗಾಯಾ ಅತ್ತೆ ತಲೆ ಎತ್ತದೆ ಹೇಳಿದಳು: "ನಾನು ಬಾರಿಸ್ತೀನಿ, ಅಣ್ಣ."

ಹುಡುಗರು ನಕ್ಕರು. ಮಿಸ್ಬಾನ್ ಕೂಡ ನಗಲು ನೋಡಿ, ನೋವಾಗಿ, ಕೆನ್ನೆ ಹಿಡಿದುಕೊಂಡ.

ಆಗ ಅಜ್ಜಿ ಬಾಯಿ ಬಿಟ್ಟಳು. "ನಗ್ತೀರಾ? ಶುಕ್ರವಾರ ಶುಕ್ರವಾರ ಮನೆ ಕೆಳಗೆ ಕೋಳಿ ಬಾರಿಸುತ್ತೆ ಅಂದ್ಕೊಂಡಿದೀರಾ? ಗಾಯಾ, ಹೋಗಿ ತೋರಿಸೇ. ಬೇಗ, ಬಸ್ ಬರುತ್ತೆ."

ಅತ್ತೆ ಕೈ ಒರೆಸಿಕೊಂಡು ಕೆಳಗಿಳಿದಳು. ಹಾಡಿನ ಕೊನೆಯವರೆಗೂ ಬಾರಿಸಿ ನಿಲ್ಲಿಸಿದಳು. ಮೊದಲು ಮಾತಾಡಿದವನು ಮಿಸ್ಬಾನ್. "ಹಮ್ದಾನ್, ನಾನು ಮನೆಗೆ ಹೋಗಿ ಮಲಗ್ತೀನಿ. ನೀವು ಬಸ್ ಹತ್ತಿ." ಅದರಲ್ಲಿ ಹೊಟ್ಟೆಕಿಚ್ಚಿನ ಒಂದು ಎಳೆಯೂ ಇರಲಿಲ್ಲ ಎಂದು ಅತ್ತೆ ಇವತ್ತಿಗೂ ಹೇಳುತ್ತಾಳೆ. ಅವಳಿಗೆ ಅವನ ಮೇಲೆ ಮನಸ್ಸಾದದ್ದು ಆಗಲೇ. "ಆ ಮೂತಿ ನೋಡಿ ಅಲ್ಲ ಕಣೇ, ಆ ಮಾತು ಕೇಳಿ" ಎಂದು ಬಿಡಿಸಿಯೂ ಹೇಳುತ್ತಾಳೆ.

ಸಿಂಗಪುರದ ಸ್ಟುಡಿಯೋ ಎಂದರೆ ಒಂದು ಕೋಣೆ. ಎಲ್ಲರೂ ಒಟ್ಟಿಗೆ ಬಾರಿಸಿ ಹಾಡಬೇಕು, ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ. ಚುವಾ ಡ್ರಮ್ಮಿನ ಹಿಂದೆ ಹೋಗಿ ನಿಂತ ಹುಡುಗಿಯನ್ನೂ ಅವಳ ಉದ್ದ ಲಂಗವನ್ನೂ ನೋಡಿ ಕನ್ನಡಕ ತೆಗೆದರು.

"ಇದೇನ್ರಪ್ಪಾ, ಡ್ರಮ್ಮರ್ ಎಲ್ಲಿ?"

"ಇವಳೇ ಸಾರ್" ಎಂದ ಅಪ್ಪ.

"ಇವರು ಈ ಬಟ್ಟೇಲಿ ಡ್ರಮ್ ಮುಂದೆ ಹೇಗಮ್ಮಾ ಕೂರ್ತಾರೆ?" ಎಂದರು ಚುವಾ, ಅಜ್ಜಿಯ ಕಡೆ ತಿರುಗಿ.

ಅದಕ್ಕೆ ಅಜ್ಜಿಯ ಬಳಿ ಉತ್ತರ ಸಿದ್ಧವಿತ್ತು. ಅತ್ತೆ ಲಂಗದ ಒಳಗೆ ಅಣ್ಣನ ಪ್ಯಾಂಟು ತೊಟ್ಟಿದ್ದಳು. ಅದೂ ಸಾಲದು ಎಂದು ಅಜ್ಜಿ ತನ್ನ ಚೀಲದಿಂದ ತಾನು ಸೊಂಟಕ್ಕೆ ಸುತ್ತಿ ಉಡುವ ಎರಡು ಬಾತಿಕ್ ಬಟ್ಟೆಗಳನ್ನು ತೆಗೆದು, ಎರಡು ಕುರ್ಚಿಗಳ ನಡುವೆ ಹಗ್ಗ ಕಟ್ಟಿ, ಡ್ರಮ್ಮಿನ ಮುಂದೆ ಪರದೆ ಇಳಿಬಿಟ್ಟಳು. "ಈಗ ಬಾರಿಸ್ಲಿ. ಕಿವಿಗೆ ಕೇಳಿದ್ರೆ ಸಾಕು, ಕಣ್ಣಿಗೇನು ಕೆಲಸ?"

ಚುವಾ ತಲೆ ಚಚ್ಚಿಕೊಳ್ಳುತ್ತ ಗಾಜಿನ ಆಚೆ ಹೋದರು. ಅತ್ತೆ ಬಾರಿಸಲು ಶುರುಮಾಡಿದ್ದೇ ತಡ, ಗಾಜಿಗೆ ಮುಖ ಒತ್ತಿ ನಿಂತರು. ಆ ಕೋಣೆಯಲ್ಲಿ ಡ್ರಮ್ ಯಾವಾಗಲೂ ಮಾರ್ದನಿಗೊಟ್ಟು ಗೊಂದಲವಾಗುತ್ತಿತ್ತಂತೆ. ಬಟ್ಟೆ ಆ ಗದ್ದಲವನ್ನು ಕುಡಿದು, ಪೆಟ್ಟುಗಳನ್ನಷ್ಟೇ ಬಿಟ್ಟಿತ್ತು. ಮೊದಲನೇ ಸಲ ಹಾಡು ಚೆನ್ನಾಗಿಯೇ ಬಂದಿತ್ತು, ಆದರೆ ಕೊನೆಯ ಸಾಲಿಗೆ ಮುಂಚೆ ಅಜ್ಜಿ ತಡೆಯಲಾರದೆ "ಆಹಾ, ನನ್ನ ಮಗಳೇ!" ಎಂದು ಚಪ್ಪಾಳೆ ಹೊಡೆದುಬಿಟ್ಟಳು. ಅಜ್ಜಿಯನ್ನು ಹೊರಗೆ ಕೂರಿಸಿ ಐಸ್ ಹಾಕಿದ ಶರಬತ್ತು ಕೊಡಿಸಿದರು. ಎರಡನೇ ಸಲದ್ದೇ ನಾವೆಲ್ಲ ಕೇಳುವ ಹಾಡು.

"ಪರದೆ ಬಟ್ಟೆ ಇಲ್ಲೇ ಬಿಟ್ಟು ಹೋಗಿ, ಅಮ್ಮಾ" ಎಂದು ಚುವಾ ಅಜ್ಜಿಯನ್ನು ಕೇಳಿದರಂತೆ.

"ಬಿಟ್ಟು ಹೋದ್ರೆ ನಾನು ಏನು ಉಟ್ಕೊಳ್ಳಲಿ?" ಎಂದಳು ಅಜ್ಜಿ.

ರೆಕಾರ್ಡಿನ ಹೊದಿಕೆಗೆ ಫೋಟೋ ತೆಗೆದದ್ದು ಕೆಲವು ವಾರಗಳ ನಂತರ. ಅಷ್ಟರಲ್ಲಿ ಮಿಸ್ಬಾನ್ ಕೆನ್ನೆ ಇಳಿದು ಮೊದಲಿನಂತಾಗಿದ್ದ. ನಾಲ್ಕು ಹುಡುಗರು ಸೈಕಲ್ಲುಗಳ ಜೊತೆ ನಿಂತ ಚಿತ್ರ, ಕೆಳಗೆ ನಾಲ್ಕು ಹೆಸರು. ಡ್ರಮ್: ಮಿಸ್ಬಾನ್. ಯಾರೂ ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಅಜ್ಜನಿಗೆ ತಿಳಿಯಬಾರದು ಎಂದು ಅತ್ತೆಯೇ ಹಾಗೆ ಹೇಳಿದ್ದಳು.

ಆದರೆ ಅಜ್ಜನ ಕಿವಿಯನ್ನು ಯಾರು ಮುಚ್ಚಬಲ್ಲರು? ಒಂದು ಸಂಜೆ ಕಾಫಿ ಅಂಗಡಿಯ ರೇಡಿಯೋದಲ್ಲಿ ಹಾಡು ಬಂತು. ನಮ್ಮೂರಿನ ಹುಡುಗರ ಹಾಡು ಎಂದು ಎಲ್ಲರೂ ಅಜ್ಜನ ಬೆನ್ನು ತಟ್ಟಿದರು. ಅಜ್ಜ ಕಾಫಿ ಕುಡಿಯದೆ ಎದ್ದ. ನೇರವಾಗಿ ದೋಣಿಕಟ್ಟೆಗೆ ಹೋಗಿ ಮಿಸ್ಬಾನನನ್ನು ಕರೆದುಕೊಂಡೇ ಮನೆಗೆ ಬಂದ. ಜಗುಲಿಯಲ್ಲಿ ಕೂರಿಸಿ ಕೈಗೆ ಕೊಂಪಾಂಗ್ ಕೊಟ್ಟ.

"ಆ ಅಡ್ಡಪೆಟ್ಟು ನಮ್ಮ ಮನೆತನದ್ದು. ನಮ್ಮಪ್ಪ ನನಗೆ ಕಲಿಸಿದ್ದು. ನಾನು ನಿನಗೆ ಕಲಿಸಿಲ್ಲ. ಎಲ್ಲಿಂದ ಕದ್ದೆ? ಬಾರಿಸು, ನೋಡೋಣ."

ಮಿಸ್ಬಾನ್ ಬಾರಿಸಿದ. ಗಡಿಯಾರದಂತೆ.

"ಇದಲ್ಲ. ರೇಡಿಯೋದಲ್ಲಿ ಬಂದದ್ದು ಬಾರಿಸು."

"ನನಗೆ ಬರಲ್ಲ ಯಜಮಾನ್ರೇ."

"ಬರದೆ ರೆಕಾರ್ಡಲ್ಲಿ ಹೇಗೆ ಬಾರಿಸ್ದೆ? ಹೊದಿಕೆ ಮೇಲೆ ನಿನ್ನ ಹೆಸರಿದೆಯಲ್ಲೋ!"

ಮಿಸ್ಬಾನ್ ನೆಲ ನೋಡಿದ. ಹೇಳಿದರೆ ಅತ್ತೆಗೆ ಬೈಗುಳ, ಹೇಳದಿದ್ದರೆ ತಾನು ಕಳ್ಳ. ಅವನು ಸುಮ್ಮನೆ ಕಳ್ಳನಾಗಿ ಕೂತ. ಒಳಗಿನಿಂದ ಎಲ್ಲ ಕೇಳುತ್ತಿದ್ದ ಗಾಯಾ ಅತ್ತೆಗೆ ಅದು ಸಹಿಸಲಾಗಲಿಲ್ಲ. ಹೊರಗೆ ಬಂದು ಅವನ ಕೈಯಿಂದ ಕೊಂಪಾಂಗ್ ತೆಗೆದುಕೊಂಡಳು, ಗೂಟದಿಂದ ಇನ್ನೊಂದನ್ನೂ ಇಳಿಸಿದಳು. ಎರಡನ್ನೂ ಮಡಿಲಲ್ಲಿಟ್ಟು ಅಜ್ಜನ ಎದುರು ಕೂತು ಬಾರಿಸಿದಳು. ಹಿಮ್ಮಡಿ ಹಲಗೆಯ ಮೇಲೆ, ಎರಡೂ ಕೈ ಚರ್ಮದ ಮೇಲೆ. ಬಾರಿಸುವಾಗ ಕಣ್ಣಲ್ಲಿ ನೀರು ಸುರಿಯುತ್ತಿತ್ತಂತೆ, ಆದರೆ ಕೈ ತಪ್ಪಲಿಲ್ಲ.

ಅಜ್ಜ ಬಹಳ ಹೊತ್ತು ಕೇಳಿದ. ಆಮೇಲೆ ತಾನೂ ಒಂದು ಕೊಂಪಾಂಗ್ ತೆಗೆದುಕೊಂಡು ನಡುವಿನ ಸಾಲಿಗೆ ಸೇರಿಕೊಂಡ. ಮಗಳು ಅಡ್ಡಪೆಟ್ಟಿಗೆ ಜಿಗಿದಳು. ನದಿಯ ಕಡೆಯಿಂದ ಬಾಂಗು ಕೇಳುವವರೆಗೂ ಅಪ್ಪ ಮಗಳು ಬಾರಿಸುತ್ತಲೇ ಇದ್ದರು. ಮಿಸ್ಬಾನನನ್ನು ಇಬ್ಬರೂ ಮರೆತಿದ್ದರು.

ನಿಲ್ಲಿಸಿದ ಮೇಲೆ ಅಜ್ಜ ಹೇಳಿದ್ದು ಒಂದೇ ಮಾತು: "ರೆಕಾರ್ಡಲ್ಲಿ ಎರಡನೇ ಸುತ್ತಿಗೆ ಅವಸರ ಮಾಡಿದೀಯ."

"ಹೌದಪ್ಪಾ" ಎಂದಳು ಅತ್ತೆ, ಮೂಗು ಒರೆಸಿಕೊಳ್ಳುತ್ತ. "ಅಮ್ಮ ಶರಬತ್ತು ಮುಗಿಸಿ ಒಳಗೆ ಬಂದು ಮತ್ತೆ ಚಪ್ಪಾಳೆ ಹೊಡೆದುಬಿಡ್ತಾಳೇನೋ ಅಂತ ಭಯ ಆಯ್ತು."

ಒಳಗಿನಿಂದ ಅಜ್ಜಿ "ನನ್ನ ಮೇಲೇ ಹಾಕು, ಎಲ್ಲಾ ನನ್ನ ಮೇಲೇ ಹಾಕು!" ಎಂದು ಕೂಗಿದಳು. ಅಜ್ಜ ಗಡ್ಡದೊಳಗೆ ನಕ್ಕ. ಬೈಗುಳ ಬರಲೇ ಇಲ್ಲ.

ಇನ್ನು ಉಳಿದದ್ದು ಮಿಸ್ಬಾನನ ಪಾಡು. ಹಾಡು ಎಲ್ಲೆಲ್ಲೂ ಹೋಯಿತು. ಕೆಲಿಪ್ ಬಾಯ್ಸ್ ಎಲ್ಲಿ ಹೋದರೂ ಜನ ಅದನ್ನೇ ಕೇಳುತ್ತಿದ್ದರು, ಮಿಸ್ಬಾನ್ ತನ್ನ ಗಡಿಯಾರ ಶುರುಮಾಡಿದರೆ "ರೆಕಾರ್ಡಿನ ಥರ ಬಾರಿಸಯ್ಯಾ! ನಿದ್ದೆ ಮಾಡ್ತಿದೀಯಾ?" ಎಂದು ಶಿಳ್ಳೆ ಹಾಕುತ್ತಿದ್ದರು. ಅತ್ತೆಯನ್ನು ವೇದಿಕೆಗೆ ಹತ್ತಿಸುವ ಮಾತು ಅಂದಿನ ಕಾಲಕ್ಕೆ ಅಜ್ಜನಿಗೂ ಮೀರಿದ್ದು. ಕೊನೆಗೆ ಮಿಸ್ಬಾನ್ ಅಜ್ಜನ ಬಳಿ ಬಂದು, ನಿಮ್ಮ ಮಗಳಿಂದ ಕಲಿಯಲು ಅಪ್ಪಣೆ ಕೊಡಿ ಎಂದ. ಅಜ್ಜ ಕೊಟ್ಟ. ಜಗುಲಿಯ ಈ ತುದಿಯಲ್ಲಿ ಅತ್ತೆ, ಆ ತುದಿಯಲ್ಲಿ ಮಿಸ್ಬಾನ್, ನಡುವೆ ಅಜ್ಜ ಚರ್ಮ ಹೊಲಿಯುತ್ತ.

"ಬಲಗೈ ಸುಮ್ನಿರಲಿ. ಎಡಗೈ. ಎಡಗೈ ಅಂದೆ! ಅದು ನಿಮ್ಮ ಎಡಗೈಯಾ?"

"ನೀವು ನನ್ನನ್ನೇ ನೋಡ್ತಿದ್ರೆ ಯಾವುದು ಎಡ ಅಂತಲೇ ಮರೆತುಹೋಗುತ್ತೆ."

ಅಜ್ಜ ಸೂಜಿಯಿಂದ ತಲೆ ಎತ್ತದೆ ಕೆಮ್ಮುತ್ತಿದ್ದ.

ಮಿಸ್ಬಾನನಿಗೆ ಅಡ್ಡಪೆಟ್ಟು ಕೊನೆಗೂ ಒಲಿಯಲಿಲ್ಲ. ಆದರೆ ಕಲಿಯಲು ಬರುವುದನ್ನು ನಿಲ್ಲಿಸಲಿಲ್ಲ. ಹೆಣ್ಣು ಕೇಳಲು ಅವನ ತಾಯಿ ಬಂದಾಗ ಅಜ್ಜ ಹೇಳಿದನಂತೆ: "ಡ್ರಮ್ ಬರದವನಿಗೆ ಮಗಳನ್ನ ಕೊಟ್ಟೆ ಅಂತ ಮೇಳದವರು ನಗ್ತಾರೆ. ಆದ್ರೆ ಅವನು ನನ್ನ ಮಗಳಿಗೋಸ್ಕರ ಕಳ್ಳ ಅನ್ನಿಸ್ಕೊಂಡು ಕೂತಿದ್ದ. ಅಂಥವನು ಸಾಕು." ಮದುವೆಯ ದಿನ ಮೇಳವನ್ನು ಅಜ್ಜನೇ ನಡೆಸಿದ. ಕೊಂಪಾಂಗ್ ಮೇಳವೊಂದು ಬೆಲ್ಲಿಲ್ಲದ ಸೈಕಲ್ಲಿನ ಗತ್ತಿಗೆ ಮದುಮಗನನ್ನು ಕರೆತಂದದ್ದು ಅದೇ ಮೊದಲು. ನೋಡಿದವರು ತಮ್ಮ ಊರಿನಲ್ಲೂ ಹಾಗೇ ಬೇಕು ಎಂದರು. ಅಲ್ಲಿಂದ ಅದು ಮೇಳದಿಂದ ಮೇಳಕ್ಕೆ ಹಬ್ಬಿತು.

ಎಪ್ಪತ್ತರ ದಶಕ ಬಂದಾಗ ಗಿಟಾರಿನ ಹುಚ್ಚು ಇಳಿಯಿತು. ಅಪ್ಪ ಶಾಲೆಯಲ್ಲಿ ಗುಮಾಸ್ತನಾದ. ಗಾಯಾ ಅತ್ತೆ ಮತ್ತು ಮಿಸ್ಬಾನ್ ಮಾವ ಸಾತೆ ಅಂಗಡಿ ಹಾಕಿದರು. ಮಾವ ಮಾಂಸ ಹೆಚ್ಚಿ ಕಡ್ಡಿಗೆ ಚುಚ್ಚುವನು, ಅತ್ತೆ ಸುಡುವಳು. ಮಕ್ಕಳಾದರು, ದೊಡ್ಡವರಾದರು. ಹಾಡು ಮಾತ್ರ ಮುದಿಯಾಗಲಿಲ್ಲ. ಹೊಸ ಹುಡುಗರು ಬೇರೆ ಬೇರೆ ವಾದ್ಯದಲ್ಲಿ ಬಾರಿಸಿದರು, ಶಾಲೆಯ ಮಕ್ಕಳು ಬಾಯಿಪಾಠ ಮಾಡಿದರು. ತಮಾಷೆಯೆಂದರೆ ಎಲ್ಲರೂ ಎರಡನೇ ಸುತ್ತಿಗೆ ಅವಸರ ಮಾಡುತ್ತಾರೆ! ಅಜ್ಜಿಯ ಚಪ್ಪಾಳೆಗೆ ಹೆದರಿ ಒಬ್ಬ ಹುಡುಗಿ ಓಡಿದ್ದಕ್ಕೆ ಈಗ ಇಡೀ ಜೊಹೋರ್ ಓಡುತ್ತಿದೆ.

ಡ್ರಮ್ ಕಲಿಯುವ ಹುಡುಗರು ಕೌಲಾಲಂಪುರದಿಂದಲೂ ಅಂಗಡಿಗೆ ಬರುತ್ತಿದ್ದರು. "ಸಾರ್, ಆ ಪೆಟ್ಟು ನಿಮಗೆ ಹೇಗೆ ಹೊಳೀತು? ಅಷ್ಟು ಮೆತ್ತಗೆ ಸದ್ದು ಬರೋಕೆ ಏನು ಮಾಡಿದ್ರಿ?"

ಮಾವ ಒಬ್ಬರಿಗೂ ಸುಳ್ಳು ಹೇಳಲಿಲ್ಲ. ಅಜ್ಜನಿಗೇ ತಿಳಿದ ಮೇಲಂತೂ ಮುಚ್ಚಿಡಲು ಕಾರಣವೇ ಇರಲಿಲ್ಲ. "ನಾನಲ್ಲಪ್ಪ, ಬಾರಿಸಿದ್ದು ಇವಳು. ಮೆತ್ತಗೆ ಆಗಿದ್ದು ಇವಳ ಅಮ್ಮ ಉಡೋ ಬಟ್ಟೆಯಿಂದ. ಅವಳನ್ನೇ ಕೇಳಿ."

ಹುಡುಗರು ಹೊಗೆಯಲ್ಲಿ ನಿಂತ ಅತ್ತೆಯನ್ನು ನೋಡಿ ನಗುತ್ತಿದ್ದರು. ಎಂಥ ದೊಡ್ಡ ಮನುಷ್ಯ, ಎಂಥ ವಿನಯ, ಹೆಂಡತಿಯ ಮೇಲೆ ಎಷ್ಟು ಪ್ರೀತಿ! ಒಂದು ಪತ್ರಿಕೆಯಂತೂ ‘ಎಲ್ಲ ಶ್ರೇಯವನ್ನೂ ಮಡದಿಗೆ ಒಪ್ಪಿಸುವ ವಿನಯವಂತ’ ಎಂದೇ ಬರೆಯಿತು. ಮಾವ ಹೇಳಿದಷ್ಟೂ ಅವನ ಹೆಸರು ಬೆಳೆಯಿತು.

ಅತ್ತೆಗೆ ಬೇಸರವಾಗುತ್ತಿರಲಿಲ್ಲವೇ? ಕೇಳಿದ್ದೆ. "ಒಂದ್ಸಲ ಆಗಿತ್ತು ಕಣೇ. ರೇಡಿಯೋದವನೊಬ್ಬ ‘ಗಂಡಸಿನ ತೋಳ್ಬಲ ಇಲ್ಲದೆ ಈ ಪೆಟ್ಟು ಬರೋದೇ ಇಲ್ಲ’ ಅಂದ. ಅವತ್ತು ನಿಮ್ಮ ಮಾವನಿಗೆ ಬರೀ ಸೀದು ಕರಕಲಾದ ಸಾತೇನೇ ಬಡಿಸ್ದೆ. ಪಾಪ, ಯಾಕೆ ಅಂತಲೂ ಕೇಳ್ದೆ ತಿಂದ್ರು. ಆಮೇಲೆ ನನಗೇ ನಗು ಬಂತು."

ಅರವತ್ತು ದಾಟಿದ ಮೇಲೆ ಅವಳು ಊರಿನ ಹೆಣ್ಣುಮಕ್ಕಳಿಗೆ ಕೊಂಪಾಂಗ್ ಕಲಿಸಲು ಶುರುಮಾಡಿದಳು. ಕಾಲ ಬದಲಾಗಿತ್ತು, ತಾಯಂದಿರೇ ಮಕ್ಕಳನ್ನು ಕರೆತಂದರು. ಮನೆಯ ಕೆಳಗೆ, ಹಿಂದೆ ಡ್ರಮ್ ಸೆಟ್ ಇದ್ದ ಜಾಗದಲ್ಲೇ, ಶನಿವಾರದ ಪಾಠ. ಹುಡುಗಿಯರ ಮೇಳ ಮೊದಲ ಸಲ ಹೊರಟದ್ದು ಮೀನು ಮಾರುವ ಜೈತೂನಳ ಮಗಳ ಮದುವೆಗೆ. ನಾನೂ ಹೋಗಿದ್ದೆ.

ನಮ್ಮವರು ನೀಲಿ ಉಡುಪು ತೊಟ್ಟು ಓಣಿಯ ಬಾಯಲ್ಲಿ ಸಾಲಾಗಿ ನಿಂತರು. ಮದುಮಗನ ಕಾರು ಬಂತು. ಅದರ ಹಿಂದೆಯೇ ಒಂದು ವ್ಯಾನೂ ಬಂತು. ವ್ಯಾನಿನಿಂದ ಹಾಜಿ ಸೆಮಾನ್ ತನ್ನ ಗಂಡಸರ ಮೇಳದೊಂದಿಗೆ ಇಳಿದ. ಹುಡುಗನ ಚಿಕ್ಕಪ್ಪ ಯಾರಿಗೂ ಹೇಳದೆ ಅವರನ್ನೂ ಕರೆಸಿದ್ದ. ಎರಡು ಮೇಳ ಎದುರಾಬದುರಾದವು. ನಡುವೆ ಜರಿಯ ಟೋಪಿ ತೊಟ್ಟ ಮದುಮಗ, ಬಿಸಿಲಲ್ಲಿ ಬೆವರುತ್ತ.

"ಗಾಯಾಕ್ಕ, ಮಕ್ಕಳು ಸ್ವಲ್ಪ ಪಕ್ಕಕ್ಕೆ ನಿಂತು ನೋಡ್ಲಿ. ನಾವು ಬಾರಿಸ್ತೀವಿ, ಕಲಿತ್ಕೊಳ್ತಾರೆ" ಎಂದ ಸೆಮಾನ್, ಬಹಳ ಮರ್ಯಾದೆಯಿಂದಲೇ.

"ಮಕ್ಕಳು ನೋಡಿ ಆಗಿದೆ ಹಾಜಿ. ಈಗ ನೀವು ಸ್ವಲ್ಪ ನೋಡಿ" ಎಂದಳು ಅತ್ತೆ.

ಚಪ್ಪರದೊಳಗಿಂದ ಜೈತೂನ್ ಕೂಗಿದಳು: "ಅಯ್ಯೋ ಯಾರಾದ್ರೂ ಬಾರಿಸ್ರಪ್ಪಾ! ತುಪ್ಪದನ್ನ ಆರಿಹೋಗ್ತಿದೆ, ಹುಡುಗನ ಪೌಡ್ರು ಇಳೀತಿದೆ!"

ಅತ್ತೆ ಒಬ್ಬ ಹುಡುಗಿಯ ಕೈಯಿಂದ ಕೊಂಪಾಂಗ್ ತೆಗೆದುಕೊಂಡು ಬೆಲ್ಲಿಲ್ಲದ ಸೈಕಲ್ಲಿನ ಆರಂಭ ಬಾರಿಸಿದಳು. ಹುಡುಗಿಯರು ಸೇರಿಕೊಂಡರು. ಆ ಹಾಡು ಕೇಳಿ ಸುಮ್ಮನಿರಲು ಸೆಮಾನನ ಗಂಡಸರಿಗೆ ಆಗುತ್ತದೆಯೇ? ಅವರೂ ಶುರುಮಾಡಿದರು. ಓಣಿಯೆಲ್ಲ ತುಂಬಿ ತುಳುಕಿತು. ಅತ್ತೆ ಹುಮ್ಮಸ್ಸಿನಲ್ಲಿ ಮೇಳವನ್ನು ಹುಡುಗಿಯರಿಗೆ ಬಿಟ್ಟು, ರೆಕಾರ್ಡಿನಲ್ಲಿ ಹಾಡು ಮುಗಿಯುವ ಮುಂಚೆ ಬರುತ್ತದಲ್ಲ, ಇವತ್ತಿಗೂ ಯಾರಿಗೂ ಪೂರ್ತಿ ಒಲಿಯದ ಆ ಉರುಳುಪೆಟ್ಟು, ಅದನ್ನು ಒಂದೇ ಕೈಯಲ್ಲಿ ಉರುಳಿಸಿಬಿಟ್ಟಳು. ಮಾತಾಡಿದಷ್ಟು ಸಲೀಸಾಗಿ. ಗಂಡಸರು ಒಬ್ಬೊಬ್ಬರಾಗಿ ಕೈ ನಿಲ್ಲಿಸಿದರು. ಹುಡುಗಿಯರು ನಿಲ್ಲಿಸಲಿಲ್ಲ, ಮದುಮಗನನ್ನು ಚಪ್ಪರದವರೆಗೆ ತಾವೇ ತಲುಪಿಸಿದರು.

ಸೆಮಾನ್ ಬೆವರೊರೆಸಿಕೊಳ್ಳುತ್ತ ಮಿಸ್ಬಾನ್ ಮಾವನ ಬಳಿ ಬಂದ. "ಅಣ್ಣಾ, ನೀವು ಇಷ್ಟು ವರ್ಷ ಹೇಳ್ತಿದ್ದದ್ದು ನಿಜಾನಾ?"

"ನಿಜವೇ."

"ನಾವೆಲ್ಲ ನಿಮ್ಮ ವಿನಯ ಅಂದ್ಕೊಂಡಿದ್ವಲ್ಲ!"

"ನನಗೆಲ್ಲಿಯ ವಿನಯ ಹಾಜಿ? ಗಟ್ಟಿಯಾಗಿ ಹೇಳ್ದೆ, ಮೆತ್ತಗೆ ಹೇಳ್ದೆ, ಪೇಪರಿನವರಿಗೂ ಹೇಳ್ದೆ. ಒಬ್ರಾದ್ರೂ ನಂಬ್ಬೇಕಲ್ಲ!" ಎಂದ ಮಾವ. ಅಷ್ಟು ಹಗುರವಾದ ಅವನ ಮುಖವನ್ನು ನಾನು ಎಂದೂ ನೋಡಿರಲಿಲ್ಲ.

ಸೆಮಾನ್ ತಿರುಗಿ ಅತ್ತೆಯ ಮುಂದೆ ನಿಂತು, ಬಲಗೈಯನ್ನು ಎದೆಗಿಟ್ಟು ತಲೆ ಬಾಗಿಸಿದ. ಅವನ ಮೇಳದವರೂ ಹಾಗೇ ಮಾಡಿದರು. ಅತ್ತೆ ಮುಖ ಕೆಂಪಾಗಿ, ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ, "ಬನ್ನಿ ಬನ್ನಿ, ಮೊದಲು ಊಟ" ಎಂದು ಎರಡೂ ಮೇಳವನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದಳು. ತುಪ್ಪದನ್ನ ಆರಿಯೇ ಹೋಗಿತ್ತು, ಆದರೆ ಕೆಂಪು ಕೋಳಿಸಾರು ಬಿಸಿಯಾಗಿತ್ತು. ಹುಡುಗಿಯರು ರೋಜಾ ಶರಬತ್ತಿನ ಜಗ್ಗನ್ನೇ ಖಾಲಿ ಮಾಡಿದರು. ಸೆಮಾನ್ ಊಟ ಮುಗಿಯುವ ತನಕ ಬೆರಳಿನಿಂದ ಮೇಜಿನ ಮೇಲೆ ಆ ಉರುಳುಪೆಟ್ಟನ್ನು ಹುಡುಕುತ್ತಿದ್ದ, ಎದುರು ಕೂತ ಅತ್ತೆ ಬಾಯಿತುಂಬ ಅನ್ನವಿಟ್ಟುಕೊಂಡೇ "ಊಹ್ಞೂಂ... ಊಹ್ಞೂಂ..." ಎಂದು ತಲೆಯಾಡಿಸುತ್ತಿದ್ದಳು.